ಸಣಕಲನ ಪಕ್ಷದವರು

ಅಮೆರಿಕನ್ ಫುಟ್‌ಬಾಲನ್ನು ನಾನು ಇವತ್ತಿಗೂ ಒಂದು ಆಟ ಎಂದು ಒಪ್ಪುವುದಿಲ್ಲ. ನಾಲ್ಕು ಸೆಕೆಂಡು ಗುದ್ದಾಟ, ನಲವತ್ತು ಸೆಕೆಂಡು ಸಭೆ, ಮತ್ತೆ ನಾಲ್ಕು ಸೆಕೆಂಡು ಗುದ್ದಾಟ. ಮೈಸೂರಿನ ಮೈದಾನಗಳಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿಕೊಂಡು ಬೆಳೆದ ನನಗೆ ಅದು ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ನುಗ್ಗುವವರ ಗಲಾಟೆಯ ಹಾಗೆ ಕಾಣುತ್ತದೆ. ಆದರೂ ಅಮೆರಿಕದ ನಡುಭಾಗದ ಒಂದು ಯೂನಿವರ್ಸಿಟಿ ತಂಡದಲ್ಲಿ ಎಂದೋ ಆಡಿದ ಮೂವರು ಕ್ವಾರ್ಟರ್‌ಬ್ಯಾಕ್‌ಗಳ ಬಗ್ಗೆ ಯಾರಾದರೂ ಕೇಳಿದರೆ ನಿಲ್ಲಿಸದೆ ಒಂದು ಗಂಟೆ ಮಾತನಾಡಬಲ್ಲೆ. ಆ ಊರನ್ನು ನೋಡಿಲ್ಲ, ಆ ಮೂವರನ್ನೂ ನೋಡಿಲ್ಲ. ಈ ಕೆಲಸಕ್ಕೆ ಬಾರದ ವಿದ್ಯೆಯನ್ನು ನನ್ನ ತಲೆಗೆ ತುಂಬಿದವರು ಹೋದ ತಿಂಗಳು ಅಡಿಲೇಡಿನಲ್ಲಿ ತೀರಿಕೊಂಡರು.

ಅವರು ನನ್ನ ಬಾಸ್ ಆಗಿದ್ದವರು. ಆ ಊರಿನ ಸ್ಯಾಲಿಸ್‌ಬರಿ ಬಡಾವಣೆಯಲ್ಲಿ ಕಾರಿನ ಬಿಡಿಭಾಗಗಳನ್ನು ಪರೀಕ್ಷಿಸುವ ಯಂತ್ರಗಳನ್ನು ತಯಾರಿಸುವ ಒಂದು ಸಣ್ಣ ಕಂಪನಿಯಿತ್ತು. ಅದರ ಎಂಜಿನಿಯರಿಂಗ್ ವಿಭಾಗ ಅವರ ಕೈಯಲ್ಲಿತ್ತು. ಬೆಂಗಳೂರಿನ ಕೆಲಸ ಬಿಟ್ಟು ನಾನು ಅಲ್ಲಿಗೆ ಹೋದದ್ದು ಕಂಪನಿಯೇ ಸ್ಪಾನ್ಸರ್ ಮಾಡಿದ ವೀಸಾದಲ್ಲಿ. ಕೆಲಸ ಇರುವವರೆಗೆ ದೇಶದಲ್ಲಿ ಇರಬಹುದು, ಕೆಲಸ ಹೋದರೆ ತೊಂಬತ್ತು ದಿನದೊಳಗೆ ಇನ್ನೊಬ್ಬ ಸ್ಪಾನ್ಸರನ್ನು ಹುಡುಕಿಕೊಳ್ಳಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಇಂಟರ್‌ವ್ಯೂನಲ್ಲಿ ನನ್ನ ಹೆಸರು ಕೇಳಿದ ತಕ್ಷಣ ಅವರು ಇಂಗ್ಲಿಷ್ ಬಿಟ್ಟು, "ಮೈಸೂರಲ್ಲಿ ಎಲ್ಲಿ?" ಅಂದಿದ್ದರು. ಊರಿನವರು ಸಿಕ್ಕರಲ್ಲ, ಇನ್ನೇನು ಚಿಂತೆ ಎಂದು ನಾನು ಖುಷಿಪಟ್ಟಿದ್ದೆ. ಆ ಖುಷಿ ಎಷ್ಟು ದಿನ ಉಳಿಯಿತು ಎನ್ನುವುದನ್ನು ಮುಂದೆ ಹೇಳುತ್ತೇನೆ.

ಸೇರಿದ ಮೊದಲ ವಾರವೇ, "ಭಾನುವಾರ ಬೆಳಿಗ್ಗೆ ತಿಂಡಿಗೆ ಬಂದ್ಬಿಡಿ ಇಬ್ರೂ" ಎಂದು ಕರೆದರು. ನಾನು, ನನ್ನ ಹೆಂಡತಿ ಮಾಲಿನಿ ಮಾಸನ್ ಲೇಕ್ಸ್‌ನ ಅವರ ಮನೆಗೆ ಹೋದರೆ, ಬಾಗಿಲು ತೆಗೆದವರು ಕುಂಕುಮ ಬಣ್ಣದ ಒಂದು ಉಲ್ಲನ್ ಸ್ವೆಟರ್ ಹಾಕಿಕೊಂಡಿದ್ದರು. ನವೆಂಬರ್ ತಿಂಗಳು, ಅಡಿಲೇಡಿನಲ್ಲಿ ಇಸ್ತ್ರಿಪೆಟ್ಟಿಗೆಯಂಥ ಬಿಸಿಲು. ಸ್ವೆಟರಿನ ಮೊಣಕೈ ಹರಿದು ಎರಡು ಬಾರಿ ಹೊಲಿಗೆ ಕಂಡಿತ್ತು. ಕುಳ್ಳಗೆ, ಗುಂಡಗೆ, ಹೊಟ್ಟೆ ಇದ್ದ ಮನುಷ್ಯ. ಹಣೆಯಿಂದ ಬೆವರು ಇಳಿಯುತ್ತಿತ್ತು. "ಆಟ ಇದ್ದಾಗ ಇದನ್ನ ತೆಗಿಯೋ ಹಾಗಿಲ್ಲ" ಅಂದರು. ಹಿಂದಿನಿಂದ ಅವರ ಹೆಂಡತಿ, "ಒಗೆಯೋ ಹಾಗೂ ಇಲ್ಲ. ಬನ್ನಿ, ಸ್ವಲ್ಪ ದೂರ ಕೂತ್ಕೊಳ್ಳಿ" ಅಂದರು. ಆಂಟಿಯ ನಾಲಿಗೆ ಮೊದಲಿನಿಂದಲೂ ಹಾಗೆಯೇ.

ಒಳಗೆ ಟಿ.ವಿ.ಯಲ್ಲಿ ಪಂದ್ಯ ನಡೆಯುತ್ತಿತ್ತು. ಟೀಪಾಯಿಯ ಮೇಲಿಟ್ಟ ಫೋನಿನಿಂದ ಗಂಡು ದನಿಯೊಂದು, ಹೆಣ್ಣು ದನಿಯೊಂದು ಅಚ್ಚ ಕನ್ನಡದಲ್ಲಿ ಜಗಳವಾಡುತ್ತಿದ್ದವು. "ಅದು ಬ್ರಿಸ್ಬೇನ್, ಇದು ಪರ್ತ್" ಎಂದು ಪರಿಚಯ ಮಾಡಿಕೊಟ್ಟರು. ಗೆಳೆಯರನ್ನು ಅವರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು, ಆ ಇಬ್ಬರೂ ಇವರನ್ನು ಅಡಿಲೇಡ್ ಎನ್ನುತ್ತಿದ್ದರು. ಎಂಬತ್ತರ ದಶಕದ ಮೊದಲಲ್ಲಿ ಮೂವರೂ ಆ ಅಮೆರಿಕದ ಯೂನಿವರ್ಸಿಟಿಯಲ್ಲಿ ಓದಿದವರು. ಬ್ರಿಸ್ಬೇನ್ ಅಂದರೆ ಸನ್ನಿಬ್ಯಾಂಕ್‌ನಲ್ಲಿ ಮನೆ ಮಾಡಿಕೊಂಡು, ನೀರಿನ ಪಂಪುಗಳ ಕಂಟ್ರೋಲ್ ಪ್ಯಾನೆಲ್ ತಯಾರಿಸುವ ಸ್ವಂತ ಕಂಪನಿ ನಡೆಸುತ್ತಿದ್ದವರು. ಪರ್ತ್ ಅಂದರೆ ಅಲ್ಲಿನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ಮೇಡಂ.

"ಆ ಊರಲ್ಲಿ ಕನ್ನಡ ಮಾತಾಡೋರು ನಾವು ಮೂರೇ ಜನ ಕಣಯ್ಯ" ಅಂದರು ನನಗೆ. "ಸ್ಟೇಡಿಯಂಗೆ ಹೋದ್ರೆ ಎಷ್ಟು ಕೂಗಾಡಿದ್ರೂ ಯಾರೂ ಏನೂ ಅಂತಿರ್ಲಿಲ್ಲ. ಊರು ನೆನಪಾದಾಗೆಲ್ಲ ಹೋಗಿ ಕೂಗಾಡಿ ಬರ್ತಿದ್ವಿ."

ಅಮೆರಿಕದ ಶನಿವಾರ ರಾತ್ರಿಯ ಪಂದ್ಯ ನಮಗೆ ಭಾನುವಾರ ಬೆಳಗಿನ ತಿಂಡಿಯ ಹೊತ್ತಿಗೆ ಬರುತ್ತದೆ. ಅಕ್ಟೋಬರಿನಲ್ಲಿ ಅಡಿಲೇಡಿನ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಬ್ರಿಸ್ಬೇನ್ ಮತ್ತು ಪರ್ತ್ ಗಡಿಯಾರ ಮುಟ್ಟುವುದಿಲ್ಲ. ಹಾಗಾಗಿ ಬ್ರಿಸ್ಬೇನಿಗಿಂತ ಅರ್ಧ ಗಂಟೆ ಹಿಂದಿದ್ದ ಅಡಿಲೇಡ್ ಒಂದೇ ದಿನದಲ್ಲಿ ಅರ್ಧ ಗಂಟೆ ಮುಂದಾಗಿಬಿಡುತ್ತದೆ. ನಾನು ಬೆರಳು ಮಡಚಿ ಲೆಕ್ಕ ಹಾಕುವುದರೊಳಗೆ ಅವರು ಮೂರು ಊರಿನ ಸಮಯವನ್ನೂ ಹೇಳಿ ಮುಗಿಸುತ್ತಿದ್ದರು. ಮಲಗಿದ್ದಾಗ ಎಬ್ಬಿಸಿ ಕೇಳಿದರೂ ತಪ್ಪುತ್ತಿರಲಿಲ್ಲ ಎಂದು ಆಂಟಿ ಹೇಳುತ್ತಿದ್ದರು.

ಆ ಭಾನುವಾರದ ಸಭೆಗೆ ಅವರು ಮಾಡಿದ ಒಂದು ಕಾನೂನಿತ್ತು. ಪಂದ್ಯ ಬರುತ್ತಿದ್ದದ್ದು ಇಂಟರ್ನೆಟ್‌ನಲ್ಲಿ. ಆಗಿನ ಇಂಟರ್ನೆಟ್ ಒಂದೊಂದು ಊರಿನಲ್ಲಿ ಒಂದೊಂದು ನಡಿಗೆ. ಪರ್ತ್‌ಗೆ ಎಲ್ಲರಿಗಿಂತ ಮೊದಲು ಕಾಣುತ್ತಿತ್ತು, ಆಮೇಲೆ ಅಡಿಲೇಡಿಗೆ, ಹತ್ತು ಹನ್ನೆರಡು ಸೆಕೆಂಡು ಕಳೆದ ಮೇಲೆ ಬ್ರಿಸ್ಬೇನಿಗೆ. ಮೊದಲು ನೋಡಿದವರು ಕೂಗಿಬಿಟ್ಟರೆ ಉಳಿದವರ ಮಜಾ ಹಾಳು. ಅದಕ್ಕೆ ಏನೇ ಆಗಲಿ, ಬ್ರಿಸ್ಬೇನ್ ನೋಡುವವರೆಗೆ ಯಾರೂ ಬಾಯಿ ಬಿಡಬಾರದು. ನಮ್ಮ ಟಿ.ವಿ.ಯಲ್ಲಿ ಜನ ಎದ್ದು ಕುಣಿಯುತ್ತಿದ್ದರೂ ಇವರು ಕೆನ್ನೆ ಉಬ್ಬಿಸಿಕೊಂಡು, ತೊಡೆ ಹಿಡಿದುಕೊಂಡು ಕಾಯುತ್ತಿದ್ದರು. ಫೋನಿನಲ್ಲಿ ಬ್ರಿಸ್ಬೇನ್ "ಹೋ!" ಅಂದಮೇಲೆ ಮೂರು ಊರೂ ಒಟ್ಟಿಗೆ ಕಿರುಚುತ್ತಿದ್ದವು.

ಕ್ವಾರ್ಟರ್‌ಬ್ಯಾಕ್ ಎಂದರೇನು ಎನ್ನುವುದನ್ನು ನನಗೆ ಅರ್ಥ ಮಾಡಿಸಲು ಅವರು ದೇವರಮನೆಯಿಂದ ಸುಲಿದ ತೆಂಗಿನಕಾಯಿ ತಂದಿದ್ದರು. ಆ ಆಟದ ಚೆಂಡು ಹೆಚ್ಚುಕಡಿಮೆ ಅದೇ ಆಕಾರ. "ಹನ್ನೊಂದು ಜನದಲ್ಲಿ ಚೆಂಡು ಇವನ ಕೈಗೆ ಬರುತ್ತೆ. ಯಾರಿಗೆ ಎಸೀಬೇಕು, ತಾನೇ ಓಡಬೇಕಾ, ಮೂರು ಸೆಕೆಂಡಲ್ಲಿ ಯೋಚನೆ ಮಾಡ್ಬೇಕು. ಅಷ್ಟರಲ್ಲಿ ಎದುರಿನ ಧಾಂಡಿಗರು ಇವನ ಮೈಮೇಲೆ ಬೀಳೋಕೆ ಬರ್ತಿರ್ತಾರೆ. ಗೆದ್ರೆ ಎಲ್ಲರಿಗೂ ಹಂಚಿಕೆ, ಸೋತ್ರೆ ಬೈಗುಳ ಪೂರ್ತಿ ಇವನಿಗೆ." ಹೀಗೆನ್ನುತ್ತ ಕಾಯನ್ನು ಸೋಫಾದ ಮೇಲಿನಿಂದ ನನ್ನ ಕಡೆಗೆ ಎಸೆದರು. ನಾನು ಹಿಡಿದೆ, ಕ್ರಿಕೆಟ್ ಆಡಿದವನಲ್ಲವೇ. ಆಂಟಿ ಅಡುಗೆಮನೆಯಿಂದಲೇ, "ಅದು ನಾಳೆ ಪೂಜೆಗೆ ತಂದಿದ್ದು, ಎಡವಟ್ಟು ಮಾಡ್ಬೇಡಿ" ಎಂದು ಕೂಗಿದರು.

ಈಗ ಆ ಮೂವರು ಕ್ವಾರ್ಟರ್‌ಬ್ಯಾಕ್‌ಗಳ ವಿಷಯ. ಅವರ ತಂಡದ ಚರಿತ್ರೆಯಲ್ಲಿ ಎಲ್ಲರಿಗಿಂತ ದೊಡ್ಡ ಕ್ವಾರ್ಟರ್‌ಬ್ಯಾಕ್ ಯಾರು ಎಂದು ಪ್ರತಿ ಸೀಸನ್ನಿನ ಕೊನೆಗೆ ಫೋನಿನಲ್ಲಿ ಓಟು ಹಾಕುತ್ತಿದ್ದರು. ಇಷ್ಟು ವರ್ಷವೂ ಮೂವರಿಗೂ ಒಂದೊಂದೇ ಓಟು. ಬ್ರಿಸ್ಬೇನಿನ ಓಟು ಅವರೆಲ್ಲ 'ದೊರೆ' ಎನ್ನುತ್ತಿದ್ದವನಿಗೆ: ಆರೂವರೆ ಅಡಿ ಎತ್ತರ, ಕಬ್ಬಿಣದ ತೋಳು, ಆಡಿದ್ದೆಲ್ಲ ಗೆಲುವು. ಪರ್ತ್ ಮೇಡಂ ಓಟು ಇವರೆಲ್ಲ ಹುಟ್ಟುವುದಕ್ಕೂ ಮುಂಚೆ ಆಡಿ, ಆಮೇಲೆ ಹಳ್ಳಿಯೊಂದರಲ್ಲಿ ಸ್ಕೂಲು ಮೇಷ್ಟ್ರಾದವನಿಗೆ. ಯಾಕೆ ಎಂದು ಕೇಳಿದರೆ, "ಅವನ ಆಟ ನಾವ್ಯಾರೂ ನೋಡಿಲ್ಲ. ಅದಕ್ಕೇ ಅವನ ಮೇಲೆ ಜಗಳ ಆಗಲ್ಲ" ಎನ್ನುತ್ತಿದ್ದರು. ನಮ್ಮವರ ಓಟು ಯಾವಾಗಲೂ 'ಸಣಕಲ'ನಿಗೆ.

ಸಣಕಲ ದೊರೆಗೆ ಬದಲಿಯಾಗಿ ಬೆಂಚಿನ ಮೇಲೆ ಕೂತಿರುತ್ತಿದ್ದವನು. ದೊರೆಯ ಮೊಣಕಾಲು ಮುರಿದಾಗ ಕೈಗೆ ಚೆಂಡು ಬಂತು. ಆಡಿದ್ದು ಒಂದೂವರೆ ಸೀಸನ್, ಗೆದ್ದದ್ದಕ್ಕಿಂತ ಸೋತದ್ದು ಹೆಚ್ಚು. ಒಂದು ಪಂದ್ಯದಲ್ಲಿ, ಮೊದಲೇ ಸೋಲುತ್ತಿದ್ದಾಗ, ಗಡಿಬಿಡಿಯಲ್ಲಿ ಎದುರು ತಂಡದವನ ಕೈಗೇ ಚೆಂಡು ಎಸೆದುಬಿಟ್ಟ. ಅವನು ಚೆಂಡು ಎತ್ತಿಕೊಂಡು ಇಡೀ ಮೈದಾನ ಓಡತೊಡಗಿದ. ಉಳಿದವರೆಲ್ಲ ಸೊಂಟದ ಮೇಲೆ ಕೈಯಿಟ್ಟು ನಿಂತರು. ಸಣಕಲ ಒಬ್ಬನೇ ಬೆನ್ನು ಹತ್ತಿ ಎಂಬತ್ತು ಗಜ ಓಡಿ, ದಾಟಿದರೆ ಅಂಕ ಸಿಗುವ ಗೆರೆಗೆ ಎರಡು ಗಜ ಇರುವಾಗ ಅವನ ಕಾಲು ಹಿಡಿದು ಕೆಡವಿದ. ಎದುರು ತಂಡ ಆ ಎರಡು ಗಜವನ್ನು ಕೊನೆಗೂ ದಾಟಲಿಲ್ಲ. ಆದರೂ ಪಂದ್ಯ ಸೋತರು.

"ಗೆದ್ದೋನ್ನ ಯಾರ್ ಬೇಕಾದ್ರೂ ಇಷ್ಟಪಡ್ತಾರೆ" ಎನ್ನುತ್ತಿದ್ದರು ಇವರು. "ಎಸೆದಿದ್ದು ತಪ್ಪಾದ್ಮೇಲೆ ಅವನು ಎಲ್ಲಿಗೆ ಓಡ್ದ ಅದನ್ನ ನೋಡು."

ಈ ಮಾತು ಬರೀ ಭಾನುವಾರದ್ದಲ್ಲ ಎಂದು ನನಗೆ ಗೊತ್ತಾದದ್ದು ಒಂದು ಶುಕ್ರವಾರ. ಗಿರಾಕಿಯೊಬ್ಬರಿಗೆ ಕಳಿಸಿದ ಯಂತ್ರದಲ್ಲಿ ನಾನು ಒಂದು ಸೆನ್ಸರಿನ ಅಳತೆಯನ್ನು ತಪ್ಪಾಗಿ ಕೂರಿಸಿದ್ದೆ ಎಂದು ಕಳಿಸಿದ ಮೇಲೆ ತಿಳಿಯಿತು. ಯಂತ್ರ ಕೆಟ್ಟ ಭಾಗವನ್ನೂ ಒಳ್ಳೆಯದು ಎಂದು ಪಾಸು ಮಾಡುತ್ತದೆ. ಗಿರಾಕಿಗೆ ಸೋಮವಾರ ಹೇಳಿದರಾಯಿತು ಎಂದುಕೊಂಡು ನಾನು ತೊದಲುತ್ತ ಅವರ ಮುಂದೆ ನಿಂತೆ. ಅವರು ಕಾರಿನ ಕೀ ಎತ್ತಿಕೊಂಡರು. ಇಬ್ಬರೂ ಗಿರಾಕಿಯ ಕಾರ್ಖಾನೆಗೆ ಹೋದೆವು. ಅಲ್ಲಿನ ಮ್ಯಾನೇಜರ್ ಬಿಯರ್ ಕುಡಿಯಲು ಹೊರಟಿದ್ದವನು, "ಫ್ರೈಡೇ ಮಧ್ಯಾಹ್ನ ಬಂದಿದ್ದೀಯಲ್ಲಪ್ಪ, ಮಂಡೇ ನೋಡೋಣ" ಎನ್ನುವ ಅರ್ಥದಲ್ಲಿ ಏನೋ ಅಂದ. ಇವರು ಬಿಡಲಿಲ್ಲ. "ತಪ್ಪು ನಮ್ಮದು, ಈಗಲೇ ಸರಿ ಮಾಡಿಕೊಟ್ಟು ಹೋಗ್ತೀವಿ" ಎಂದು ತಾವೇ ನೆಲದ ಮೇಲೆ ಮಲಗಿ ಯಂತ್ರದ ತಳ ಬಿಚ್ಚಿದರು. ಅಲ್ಲಿ ನನ್ನ ಹೆಸರೇ ಎತ್ತಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ ಮಾತ್ರ ಸ್ಯಾಲಿಸ್‌ಬರಿ ಬರುವವರೆಗೆ ನನಗೆ ಸಹಸ್ರನಾಮ ಮಾಡಿದರು. ನನ್ನ ಕಾಲೇಜು, ನನ್ನ ಮೇಷ್ಟ್ರುಗಳು, ಯಾರನ್ನೂ ಬಿಡಲಿಲ್ಲ.

ಅವರನ್ನು ದೇವರು ಮಾಡಿ ಕೂರಿಸುವ ಆಸೆ ನನಗಿಲ್ಲ. ನಾಲಿಗೆಯ ಮೇಲೆ ಹಿಡಿತವಿರಲಿಲ್ಲ, ಹಟ ವಿಪರೀತ. ಬ್ರಿಸ್ಬೇನಿನ ಜೊತೆ ಮಾತು ಬಿಟ್ಟದ್ದಕ್ಕೆ ಅದೇ ಕಾರಣ. ಸಣಕಲ ಓಡಿ ಹಿಡಿದ ಆ ಪಂದ್ಯಕ್ಕೆ ಇಬ್ಬರೂ ಒಟ್ಟಿಗೆ ಹೋಗಿದ್ದರಂತೆ. ತಂಡ ಸೋಲುತ್ತಿದೆ, ಹಿಮ ಬೀಳುತ್ತಿದೆ ಎಂದು ಬ್ರಿಸ್ಬೇನ್ ನಡುವೆ ಎದ್ದು ರೂಮಿಗೆ ಹೋಗಿದ್ದರು. ಇವರು ಒಬ್ಬರೇ ಕೂತು ನೋಡಿದ್ದರು. ಅದು ಮೂವತ್ತು ವರ್ಷದ ಹಳೆಯ ಕೀಟಲೆ. ಆದರೆ ನಾನು ಸೇರಿದ ಮುಂದಿನ ವರ್ಷ ಒಂದು ಭಾನುವಾರ, ಬ್ರಿಸ್ಬೇನಿನ ಮನೆಗೆ ಅವರ ಮಗಳ ಸಂಬಂಧ ಮಾತನಾಡಲು ಬೀಗರಾಗುವವರು ಬಂದಿದ್ದರು. ಫೋನು ಸ್ಪೀಕರಿನಲ್ಲೇ ಇತ್ತು. ಬ್ರಿಸ್ಬೇನ್ ಅವರೆದುರು ಜಂಬದಿಂದ, "ನಮ್ಮ ಅಡಿಲೇಡ್‌ಗೆ ಸೋತೋರೇ ಇಷ್ಟ" ಅಂದರು. ಇವರಿಗೆ ರೇಗಿತು.

"ನಾನು ಕೊನೇವರೆಗೂ ಕೂತೋನು ಕಣೋ. ನೀನು ಎದ್ದು ಹೋದೋನು. ಆಟದಿಂದ ಎದ್ದು ಹೋದೆ, ಪಿಎಚ್.ಡಿ. ಅರ್ಧಕ್ಕೆ ಬಿಟ್ಟು ಎದ್ದು ಹೋದೆ. ನಿನ್ನ ಜಾಯಮಾನವೇ ಅದು."

ಫೋನು ಕಟ್ ಆಯಿತು. ಆ ಪಿಎಚ್.ಡಿ. ವಿಷಯ ಬೀಗರಿಗೆ ಗೊತ್ತಿರಲಿಲ್ಲವಂತೆ. ಸಂಬಂಧವೇನೂ ಮುರಿಯಲಿಲ್ಲ, ಮದುವೆ ಆಯಿತು, ಇವರಿಗೆ ಕರೆ ಬರಲಿಲ್ಲ. "ಸುಳ್ಳೇನ್ ಹೇಳಿದ್ನಾ?" ಎಂದು ಇವರು ವಾದ ಮಾಡಿದರೆ ಆಂಟಿ, "ನಿಜ ಹೇಳೋಕೂ ಹೊತ್ತುಗೊತ್ತು ಬೇಡ್ವಾ? ಫೋನ್ ಮಾಡಿ ತಪ್ಪಾಯ್ತು ಅನ್ನಿ" ಅಂದರು. ಅನ್ನಲಿಲ್ಲ. ಭಾನುವಾರ ಪರ್ತ್ ಒಬ್ಬರೇ ಫೋನಿನಲ್ಲಿರುತ್ತಿದ್ದರು. ನಾನು ಗಮನಿಸಿದ್ದೇನೆ, ತಂಡ ಅಂಕ ಗಳಿಸಿದ ಮೇಲೂ ಇವರು ಮೊದಲಿನ ಹಾಗೇ ತೊಡೆ ಹಿಡಿದುಕೊಂಡು ಹತ್ತು ಹನ್ನೆರಡು ಸೆಕೆಂಡು ಸುಮ್ಮನೆ ಕಾಯುತ್ತಿದ್ದರು. ಆ ಕಡೆ ಪರ್ತ್ ಕೂಡ ಕಾಯುತ್ತಿದ್ದರು. ಆಮೇಲೆ ಇಬ್ಬರೂ ಮೆಲ್ಲಗೆ, "ಚೆನ್ನಾಗಿತ್ತು ಅಲ್ವಾ?" ಎನ್ನುತ್ತಿದ್ದರು.

ಇನ್ನು ನನ್ನ ಕಥೆ. ೨೦೧೪ರ ಹೊತ್ತಿಗೆ ಕಾರು ಕಾರ್ಖಾನೆಗಳು ಮುಚ್ಚುತ್ತವೆ ಎಂದು ಖಚಿತವಾಗಿ ನಮಗೆ ಆರ್ಡರ್ ನಿಂತವು. ನಮ್ಮ ವಿಭಾಗದಲ್ಲಿ ಒಬ್ಬರನ್ನು ತೆಗೆಯಬೇಕು, ಯಾರೆಂದು ಇವರೇ ಹೇಳಬೇಕು ಎಂದು ಮೇಲಿನಿಂದ ಬಂತು. ಹೆಸರುಗಳು ಎರಡೇ ಎಂದು ಎಲ್ಲರಿಗೂ ಗೊತ್ತಿತ್ತು. ಒಂದು ನನ್ನದು. ಇನ್ನೊಂದು ಐವತ್ತಾರು ವರ್ಷದ ಒಬ್ಬ ಡ್ರಾಫ್ಟ್ಸ್‌ಮನ್‌ನದು. ಹದಿನೇಳನೇ ವಯಸ್ಸಿನಲ್ಲಿ ಆ ಕಂಪನಿಗೆ ಬಂದು ಅಲ್ಲೇ ತಲೆಗೂದಲು ಬೆಳ್ಳಗಾದವನು. ಮಾಲಿನಿಗೆ ಆಗ ಐದು ತಿಂಗಳು. ನಾನು ಊರಿನವನು, ಭಾನುವಾರದವನು, ನನ್ನನ್ನು ಬಿಟ್ಟುಕೊಡುವುದಿಲ್ಲ ಎಂಬ ಧೈರ್ಯದಲ್ಲಿ ನಿದ್ದೆ ಮಾಡುತ್ತಿದ್ದೆ.

ಅವರು ನನ್ನನ್ನು ಕರೆದು ಬಾಗಿಲು ಹಾಕಿದರು. "ನಿನ್ನ ಹೆಸರು ಕೊಟ್ಟಿದ್ದೀನಿ" ಅಂದರು.

"ಅವನಿಗೆ ಈ ದೇಶದ ಪಾಸ್‌ಪೋರ್ಟ್ ಇದೆ ಸಾರ್. ನನಗೆ ತೊಂಬತ್ತು ದಿನ ಇರೋದು. ಮಾಲಿನಿ ಬಸುರಿ ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತು."

"ಗೊತ್ತಿದ್ದೂ ಕೊಟ್ರಾ?"

"ಅವನನ್ನ ಈ ವಯಸ್ಸಲ್ಲಿ ಯಾರೂ ತಗೊಳ್ಳಲ್ಲ ಕಣಯ್ಯ. ನಿನ್ನ ತಗೋತಾರೆ. ನಾನು ಹುಡುಕ್ತೀನಿ."

"ನೀವು ಹುಡುಕೋದು ಬೇಡ" ಎಂದು ಎದ್ದು ಬಂದೆ. ಆಮೇಲೆ ಭಾನುವಾರ ಹೋಗಲಿಲ್ಲ, ಫೋನು ಎತ್ತಲಿಲ್ಲ. ಮನೆಯಲ್ಲಿ ಅವರನ್ನು ಬೈಯುವುದೇ ಕೆಲಸವಾಯಿತು. ಮಾಲಿನಿ ಎರಡು ದಿನ ಕೇಳಿಸಿಕೊಂಡು ಮೂರನೇ ದಿನ, "ಬೈದಿದ್ದು ಸಾಕು, ಅಪ್ಲಿಕೇಶನ್ ಹಾಕ್ರೀ" ಅಂದಳು. ಹಾಕಿದೆ. ನಲವತ್ತು ಕಡೆ ಹಾಕಿದೆ. ಸ್ಪಾನ್ಸರ್ ಮಾಡಬೇಕು ಎಂದ ಕೂಡಲೇ ಎಲ್ಲರೂ ಬಹಳ ಸಂಕಟದಿಂದ, ಬಹಳ ವಿನಯದಿಂದ ಬಾಗಿಲು ಮುಚ್ಚುತ್ತಿದ್ದರು. ಅವರು ಮಾತ್ರ ವಾರಕ್ಕೆರಡು ಸಲ ನಮ್ಮ ಮನೆ ಬಾಗಿಲಿಗೆ ಬಂದು, ಯಾವ ಕಂಪನಿಗೆ ಯಾರ ಹತ್ತಿರ ಮಾತನಾಡಿದ್ದೇನೆ ಎಂದು ನಾನು ಕೇಳಲಿ ಬಿಡಲಿ ಹೇಳಿ ಹೋಗುತ್ತಿದ್ದರು. ನಾನು ಕೂತ್ಕೊಳ್ಳಿ ಎನ್ನುತ್ತಿರಲಿಲ್ಲ. ಮಾಲಿನಿ ಕಾಫಿ ಕೊಡುತ್ತಿದ್ದಳು, ನಿಂತೇ ಕುಡಿಯುತ್ತಿದ್ದರು.

ತೊಂಬತ್ತರಲ್ಲಿ ಐವತ್ತು ದಿನ ಕಳೆದಾಗ ಪರ್ತ್ ಮೇಡಂ ಅವರಿಗೂ ನನಗೂ ಒಂದು ಸುದ್ದಿ ಕೊಟ್ಟರು. ಬ್ರಿಸ್ಬೇನಿನ ಕಂಪನಿಗೆ ನನ್ನಂಥವನೇ ಒಬ್ಬ ಎಂಜಿನಿಯರ್ ಬೇಕಾಗಿದ್ದಾನೆ, ಸ್ಪಾನ್ಸರ್ ಕೂಡ ಮಾಡುತ್ತಾರೆ. ಆದರೆ ಅಡಿಲೇಡ್ ಫೋನು ಮಾಡಿದರೆ ಮಾತ್ರ. ಮಾಡಿ ಕ್ಷಮೆ ಕೇಳಿದರೆ ಸಾಲದು, "ಕ್ಷಮೆ ಯಾರ್ ಬೇಕಾದ್ರೂ ಕೇಳ್ತಾರೆ. ದೊರೇನೇ ದೊಡ್ಡೋನು ಅಂತ ಒಪ್ಕೊಳ್ಳಲಿ" ಎಂದಿದ್ದರಂತೆ. ನನಗಿದು ಕೇಳಿ ಮೈ ಉರಿಯಿತು. ಇಲ್ಲಿ ನನ್ನ ಸಂಸಾರ ಬೀದಿಗೆ ಬೀಳುವ ಹೊತ್ತು, ಮುದುಕರಿಗೆ ಚೆಂಡಾಟದ ಚಿಂತೆ. ಆ ಮನುಷ್ಯ ಸಣಕಲನನ್ನು ಬಿಟ್ಟುಕೊಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಊರಿಗೆ ಟಿಕೆಟ್ ನೋಡತೊಡಗಿದೆ.

ಭಾನುವಾರ ಮಧ್ಯಾಹ್ನ ಅವರು ಬಂದು, "ಬಾ, ಹೊರಗೆ ಹೋಗೋಣ" ಅಂದರು. ಕೆರೆಯ ದಂಡೆಯ ಬೆಂಚಿನ ಮೇಲೆ ಕೂತೆವು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಆಮೇಲೆ ಎದ್ದು ನಾಲ್ಕು ಹೆಜ್ಜೆ ಆಚೆ ಹೋಗಿ, ನನಗೆ ಬೆನ್ನು ಹಾಕಿ ಫೋನು ಮಾಡಿದರು.

"ನಿಮ್ಮಲ್ಲಿ ಈಗ ಎಷ್ಟು ಗಂಟೆ?" ಎಂದು ಶುರು ಮಾಡಿದರು. ಮೂರು ಊರಿನ ಸಮಯ ಬಾಯಿಪಾಠ ಇದ್ದ ಮನುಷ್ಯ, ಎರಡು ವರ್ಷದ ಮೇಲೆ ಏನು ಮಾತನಾಡಬೇಕು ಎಂದು ತೋಚದೆ ಗಂಟೆ ಕೇಳಿದರು.

"ಹೂಂ... ಹೂಂ... ಚೆನ್ನಾಗಿದೀನಿ... ಒಪ್ಕೊಂಡೆ ಕಣೋ... ಏನು ಅಂದ್ರೆ, ಅದೇ. ನಿನ್ನ ದೊರೇನೇ ದೊಡ್ಡೋನು... ಜೋರಾಗೇ ಹೇಳ್ತಿದ್ದೀನಲ್ಲ. ದೊರೇನೇ ದೊಡ್ಡೋನು. ನಮ್ಮ ಸಣಕಲ ಅವನಿಗೆ ಸಮ ಅಲ್ಲ. ಸಾಕಾ?"

ನೀರಿನ ಬಾತುಗಳು ತಿನ್ನಲು ಏನಾದರೂ ಸಿಕ್ಕೀತೆಂದು ಅವರ ಕಾಲ ಬಳಿ ಬಂದಿದ್ದವು. ಆಮೇಲೆ, "ಇಲ್ಲಿ ಒಬ್ಬ ಎಂಜಿನಿಯರ್ ಇದಾನೆ. ಕೆಲಸ ಹೋಗಿದ್ದು ನನ್ನ ಕೈಯಿಂದ, ಅವನ ತಪ್ಪಲ್ಲ" ಎಂದು ನನ್ನ ಬಗ್ಗೆ ಹೇಳತೊಡಗಿದರು. ನಾನು ಮಾಡಿದ ಒಳ್ಳೆಯ ಕೆಲಸಗಳನ್ನೆಲ್ಲ ಒಂದೂ ಬಿಡದೆ ಹೇಳಿದರು. ಆ ಸೆನ್ಸರಿನ ತಪ್ಪನ್ನೂ ಹೇಳಿದರು, "ತಾನಾಗೇ ಬಂದು ಹೇಳ್ದ" ಎಂದು ಸೇರಿಸಿದರು.

ನನ್ನ ಕಡೆ ತಿರುಗಿದಾಗ ಮುಖ ಇಳಿದಿತ್ತು. "ನಾಳೆ ಬೆಳಿಗ್ಗೆ ಫೋನ್ ಮಾಡ್ತಾನೆ. ಅವನಿಗೆ ಒಂಬತ್ತು, ನಿನಗೆ ಎಂಟೂವರೆ. ತಪ್ಪಿಸ್ಬೇಡ."

ತಪ್ಪಿಸಲಿಲ್ಲ. ಹದಿನೈದು ದಿನದಲ್ಲಿ ನಾವು ಬ್ರಿಸ್ಬೇನಿಗೆ ಹೋದೆವು. ಮಗಳು ಅಲ್ಲೇ ಹುಟ್ಟಿದಳು. ಹೊರಡುವಾಗ ಅವರಿಗೆ ಥ್ಯಾಂಕ್ಸ್ ಹೇಳಿದೆ. ನಿಜ ಹೇಳಬೇಕೆಂದರೆ ಆ ಥ್ಯಾಂಕ್ಸ್‌ನಲ್ಲಿ ಅರ್ಧ ಸಿಟ್ಟಿತ್ತು. ತೆಗೆದವರೂ ಅವರೇ, ಕೊಡಿಸಿದವರೂ ಅವರೇ, ಲೆಕ್ಕ ಚುಕ್ತಾ ಎಂದುಕೊಂಡೆ.

ಹೊಸ ಬಾಸ್ ಒಳ್ಳೆಯ ಮನುಷ್ಯ. ಧಾರಾಳಿ, ಬಾಯಿಬಡುಕ, ಸ್ವಲ್ಪ ಹೊಗಳುವವರು ಬೇಕು. ಭಾನುವಾರ ಸನ್ನಿಬ್ಯಾಂಕ್‌ನ ಅವರ ಮನೆಗೆ ನಮ್ಮನ್ನು ಕರೆಯುತ್ತಿದ್ದರು. ಹೋಗುವ ದಾರಿಯಲ್ಲಿ ಚೀನೀ ಅಂಗಡಿಯಿಂದ ಹಸಿಮೆಣಸು, ಕೊತ್ತಂಬರಿ ಒಯ್ಯುವುದು ನಮ್ಮ ಪಾಲಿನ ಕೆಲಸ. ಈಗ ನಾನು ಆ ಫೋನಿನ ಇನ್ನೊಂದು ತುದಿಯಲ್ಲಿ ಕೂತಿದ್ದೆ. ಪಂದ್ಯ ಶುರುವಾಗುವ ಮೊದಲು ಹೊಸ ಬಾಸ್ ಮಂದಿಯೆಲ್ಲ ಕೇಳುವ ಹಾಗೆ, "ಅಡಿಲೇಡ್, ಹೇಳಪ್ಪ ನಿನ್ನ ಮಂತ್ರ" ಎನ್ನುತ್ತಿದ್ದರು. ಆ ಕಡೆಯಿಂದ ಹಾ ಇಲ್ಲ ಹೂ ಇಲ್ಲದ ದನಿಯಲ್ಲಿ, "ದೊರೇನೇ ದೊಡ್ಡೋನು" ಎಂದು ಬರುತ್ತಿತ್ತು, ಸ್ಕೂಲಿನಲ್ಲಿ ಹಾಜರಿ ಹೇಳಿದ ಹಾಗೆ. ಎಲ್ಲರೂ ನಗುತ್ತಿದ್ದರು. ಪ್ರತಿ ಭಾನುವಾರ, ಪ್ರತಿ ಸೀಸನ್. ಸೀಸನ್ನಿನ ಕೊನೆಯ ಓಟಿನಲ್ಲೂ ದೊರೆಗೇ ಎರಡು ಓಟು. ಸಣಕಲನ ಹೆಸರೇ ಕೇಳಿಸದಾಯಿತು. ನನಗೆ ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಅವರ ಮೇಲಿದ್ದ ಗೌರವವೂ ಒಂದಿಷ್ಟು ಇಳಿಯಿತು. ಒಮ್ಮೆ ಒಪ್ಪಿಕೊಂಡದ್ದಾಯಿತು, ಇದೇನು ಪ್ರತಿ ವಾರ ಮಂಡಿ ಊರುವುದು? ರಿಟೈರ್ ಆಗಿದ್ದಾರೆ, ಗೆಳೆಯ ಬೇಕು, ಸುಸ್ತಾಗಿರಬೇಕು ಎಂದು ಮಾಲಿನಿಗೆ ಹೇಳಿದ್ದೆ.

ಅಡಿಲೇಡಿನಿಂದ ಅವರು ನನಗೆ ಆಗಾಗ ಫೋನು ಮಾಡುತ್ತಿದ್ದರು. ಮಗಳು ಏನು ಮಾತನಾಡುತ್ತಾಳೆ, ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳಾ ಎಂದು ವಿಚಾರಿಸಿ, ಕೊನೆಗೆ ತಪ್ಪದೆ, "ನಿನ್ನ ಪಿ.ಆರ್. ಎಲ್ಲಿಗೆ ಬಂತು?" ಎಂದು ಕೇಳುತ್ತಿದ್ದರು. ಒಂದೇ ಸ್ಪಾನ್ಸರ್ ಹತ್ತಿರ ಎರಡು ವರ್ಷ ದುಡಿದ ಮೇಲೆ ಅವರ ಕಂಪನಿಯ ಮೂಲಕ ಅರ್ಜಿ ಹಾಕಬೇಕು, ಆಮೇಲೆ ಕಾಯಬೇಕು. ಪಿ.ಆರ್., ಅಂದರೆ ಕಾಯಂ ವಾಸದ ಪರವಾನಗಿ, ಬಂದರೆ ಈ ದೇಶದಲ್ಲಿ ಇರಲು ಯಾರ ಹಂಗೂ ಬೇಡ. ಎಲ್ಲರೂ ಕೇಳುವ ಹಾಗೆ ಇವರೂ ಕೇಳುತ್ತಾರೆ ಎಂದುಕೊಂಡಿದ್ದೆ.

೨೦೧೭ರ ಅಕ್ಟೋಬರಿನ ಒಂದು ಬುಧವಾರ ಪಿ.ಆರ್. ಬಂತು. ಅವರಿಗೆ ಫೋನು ಮಾಡಿದೆ.

"ಲೆಟರ್ ನೀನೇ ಓದಿದ್ಯಾ?"

"ಓದಿದೆ ಸಾರ್."

"ಮೂವರಿಗೂ ಬಂತಾ? ಮಗೂಗೂ?"

"ಮೂವರಿಗೂ ಬಂತು."

"ಸರಿ" ಎಂದು ಇಟ್ಟುಬಿಟ್ಟರು. ಒಂದು ಶುಭಾಶಯ ಕೂಡ ಹೇಳಲಿಲ್ಲವಲ್ಲ ಎಂದು ನನಗೆ ಬೇಜಾರಾಯಿತು.

ಆ ಭಾನುವಾರ ಸನ್ನಿಬ್ಯಾಂಕ್‌ನಲ್ಲಿ ನನ್ನ ಪಿ.ಆರ್. ನೆಪದಲ್ಲೇ ಮಂದಿ ಸೇರಿದ್ದರು. ತಟ್ಟೆಗಳಲ್ಲಿ ಖಾರಾಬಾತ್ ಹಬೆಯಾಡುತ್ತಿತ್ತು. ಪಂದ್ಯಕ್ಕೆ ಎರಡು ನಿಮಿಷ ಇರುವಾಗ ಬಾಸ್ ಎಂದಿನಂತೆ, "ಅಡಿಲೇಡ್, ಹೇಳಪ್ಪ ನಿನ್ನ ಮಂತ್ರ" ಅಂದರು.

ಫೋನಿನಲ್ಲಿ ಸದ್ದಿಲ್ಲ.

"ಅಡಿಲೇಡ್? ಲೈನ್‌ನಲ್ಲಿದ್ಯಾ?"

"ಇದೀನಿ. ಹೇಳಲ್ಲ."

"ಅಂದ್ರೆ?"

"ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು ಕಣೋ. ನಮ್ಮ ಸಣಕಲನೇ ದೊಡ್ಡೋನು. ಅವತ್ತೂ ಅವನೇ, ಇವತ್ತೂ ಅವನೇ."

ಕೋಣೆಯಲ್ಲಿದ್ದವರು ನಕ್ಕರು. ಬಾಸ್ ನಗಲಿಲ್ಲ. "ಮೂರು ವರ್ಷ ಆದ್ಮೇಲೆ ಇವತ್ತೇನು ಜ್ಞಾನೋದಯ ಆಯ್ತಾ?"

"ಬುಧವಾರ ಹುಡುಗನಿಗೆ ಪಿ.ಆರ್. ಬಂತು."

ಬಾಸ್ ನನ್ನ ಮುಖ ನೋಡಿದರು. ನಾನು ಎಲ್ಲಿ ನೋಡುವುದೆಂದು ತಿಳಿಯದೆ ತಟ್ಟೆ ನೋಡಿದೆ. ಅವರು ಫೋನನ್ನು ಕೈಗೆತ್ತಿಕೊಂಡರು, ಆದರೆ ಸ್ಪೀಕರ್ ಆರಿಸುವುದನ್ನು ಮರೆತರು. "ಈ ಚೆಂಡಾಟಕ್ಕೋಸ್ಕರ ನಾನು ಅವನನ್ನ ಕೆಲಸದಿಂದ ತೆಗೀತಿದ್ನಾ? ಅಷ್ಟು ಕೀಳಾಗಿ ಕಂಡ್ನಾ ನಿನಗೆ?"

"ಇಲ್ಲ ಕಣೋ. ನೀನು ತೆಗೀತಿರ್ಲಿಲ್ಲ, ನನಗೆ ಗೊತ್ತು. ನನ್ನ ನಾಲಿಗೆ ಏನು ಮಾಡುತ್ತೆ ಅನ್ನೋದೂ ಗೊತ್ತು. ಒಂದು ಸಲ ಸಣಕಲನ ಹೆಸರೆತ್ತಿದ್ರೆ ಮತ್ತೆ ಬಾಯಿಗೆ ಬಂದಿದ್ದು ಆಡ್ತಿದ್ದೆ, ನೀನು ಮತ್ತೆ ಫೋನ್ ಇಡ್ತಿದ್ದೆ. ಆ ಹುಡುಗನ್ನ ಒಂದು ಸಲ ನಾನೇ ಬೀಳಿಸಿದ್ದೀನಿ. ಇನ್ನೊಂದು ಸಲ ಅವನ ಸಂಸಾರ ಪಣಕ್ಕಿಡೋಕೆ ಅದೇನು ನನ್ನದಾಗಿತ್ತಾ?"

ಟಿ.ವಿ.ಯಲ್ಲಿ ಆಟಗಾರರು ಮೈದಾನಕ್ಕೆ ಓಡಿ ಬರುತ್ತಿದ್ದರು. ಪರ್ತ್ ಮೇಡಂ ಮೂಗು ಒರೆಸಿಕೊಂಡದ್ದು ಫೋನಿನಲ್ಲಿ ಕೇಳಿಸಿತು. ಬಾಸ್ ಫೋನನ್ನು ಮತ್ತೆ ಮೇಜಿನ ಮೇಲಿಟ್ಟು, "ಅಂದ್ರೆ ಇವತ್ತಿಂದ ಮತ್ತೆ ಜಗಳ ಅನ್ನು" ಅಂದರು.

"ಹೂಂ. ಜಗಳ."

"ನಿನ್ನ ಸಣಕಲ ಒಂದು ದೊಡ್ಡ ಪಂದ್ಯ ಗೆದ್ದಿದ್ದು ತೋರಿಸು ನೋಡೋಣ."

"ನಿನ್ನ ದೊರೆ ಒಂದು ಸಲ ಹಿಂದಕ್ಕೆ ಓಡಿದ್ದು ತೋರಿಸು, ನೋಡೋಣ!"

ಇಬ್ಬರೂ ಗಂಟಲು ಹರಿಯುವ ಹಾಗೆ ಕೂಗಾಡತೊಡಗಿದರು. ಮೂರು ವರ್ಷದಿಂದ ಕೇಳದಿದ್ದ ಆ ದನಿ ಕೇಳಿ ನನ್ನ ಮಗಳು ಬೆಚ್ಚಿ ನನ್ನ ಕಾಲು ಹಿಡಿದುಕೊಂಡು, "ವೈ ಈಸ್ ತಾತಾ ಶೌಟಿಂಗ್?" ಎಂದು ಕೇಳಿದಳು. ಅವಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ. ಅವಳ ಪ್ರಶ್ನೆಗೆ ಉತ್ತರ ಹೇಳಲು ಬಾಯಿ ತೆರೆದೆ, ಅಳು ಬಂತು.